ಪಕ್ಕದ ಸೀಟು

ಅಪ್ಪಾ,

ನೀನಿರುವ ನಗರಕ್ಕೆ ಕೆಲಸದ ಮೇಲೆ ಬಂದಿದ್ದೆ. ಇವತ್ತು ಕೊನೆಯ ದಿನ. ದಿನದ ಪಾಸು ಕೊಂಡು, ಸಿಕ್ಕ ಸಿಕ್ಕ ಬಸ್ಸು ಹತ್ತಿ ಸುತ್ತಿದೆ. ನಿನ್ನನ್ನು ಹುಡುಕುವುದಕ್ಕಲ್ಲ, ಅಷ್ಟು ಬಿಡುವು ನನಗಿಲ್ಲ.

ಮಾರ್ಕೆಟ್ ಸ್ಟಾಪಿನಿಂದ ಬಸ್ಸು ಹೊರಟಾಗ ಹಿಂದೆ ನೀನು ಓಡಿ ಬರುತ್ತಿದ್ದೆ. ಅಂಗಿಯ ಜೇಬು ಒತ್ತಿ ಹಿಡಿದು ಓಡುವ ಆ ಚಾಳಿಯಿಂದಲೇ ಗುರುತು ಸಿಕ್ಕಿತು. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು.

ಕಂಡಕ್ಟರ್ ನನ್ನನ್ನು ಕೇಳಿದ: "ಯಾರೋ ವಯಸ್ಸಾದೋರು ಓಡಿ ಬರ್ತಿದಾರೆ. ನಿಮ್ಮೋರಾ? ನಿಲ್ಲಿಸ್ಲಾ?"

"ನಮ್ಮೋರಲ್ಲ. ಹೋಗ್ಲಿ ಬಿಡಿ."

ನೀನು ಮನೆ ಬಿಟ್ಟ ದಿನ ನಾನೂ ಬಸ್ಸಿನ ಹಿಂದೆ ಹೀಗೇ ಓಡಿದ್ದೆ. ನೀನು ತಿರುಗಿ ನೋಡಲಿಲ್ಲ. ನಾನು ನೋಡಿದೆ, ನೀನು ಏದುಸಿರು ಬಿಡುತ್ತಾ ನಿಲ್ಲುವ ತನಕ.

ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟು, ಕೊನೆಯ ಸ್ಟಾಪಿನವರೆಗೂ ಅಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ.