ರೇಂಜ್ ಬಂಡೆಗೆ ಈಗ ಯಾರೂ ಬರುವುದಿಲ್ಲ

ಕವಲೇದುರ್ಗದ ತಪ್ಪಲಿನ ನಮ್ಮೂರಿಗೆ ಮೊಬೈಲ್ ಟವರ್ ಮಂಜೂರು ಮಾಡಿದ ಮಾನ್ಯ ಅಧಿಕಾರಿಗಳೇ,

ತಮ್ಮ ಟವರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ. ನನ್ನ ದೂರು ಅದೇ.

ನಗಬೇಡಿ. ಟವರ್ ಬರುವ ಮುಂಚೆ ಇಡೀ ಊರಿಗೆ ಸಿಗ್ನಲ್ ಸಿಗುತ್ತಿದ್ದದ್ದು ಗುಡ್ಡದ ಮೇಲಿನ ಒಂದು ಬಂಡೆಯಲ್ಲಿ ಮಾತ್ರ. ಅದಕ್ಕೆ ರೇಂಜ್ ಬಂಡೆ ಎಂದೇ ಹೆಸರು. ಸಂಜೆಯಾದರೆ ಎಲ್ಲರೂ ಫೋನ್ ಹಿಡಿದು ಅಲ್ಲಿಗೆ ಹತ್ತುತ್ತಿದ್ದೆವು. ಮೇಲೆ ನಿಲ್ಲಲು ಒಬ್ಬರಿಗಷ್ಟೇ ಜಾಗ; ಉಳಿದವರು ಸಾಲಿನಲ್ಲಿ ಕಾಯಬೇಕು. ಕಾಯುವಾಗ ಬಾಯಿ ಸುಮ್ಮನಿರುತ್ತದೆಯೇ? ಪೂರ್ಣೇಶನ ಹೆಂಡತಿಗೆ ಹೆರಿಗೆಯಾದ ಸುದ್ದಿ ಬಂದಾಗ ಅವನಿಗಿಂತ ಮೊದಲು ಕುಣಿದವರು ನಾವು.

ನನ್ನ ಯಜಮಾನರು ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿಯೂ ನನಗೆ ಬಂದದ್ದು ಆ ಬಂಡೆಯ ಮೇಲೆಯೇ. ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಆಚೆ ಕಡೆಯವರಿಗೆ "ನೀವ್ ಇಡಿ, ಇಲ್ಲಿ ನಾನಿದೀನಿ" ಎಂದವಳು ಪಕ್ಕದ ಮನೆಯ ಶ್ಯಾಮಲಾ. ಸೊಂಟಕ್ಕೆ ಕೈಕೊಟ್ಟು ನನ್ನನ್ನು ಗುಡ್ಡ ಇಳಿಸಿದಳು. ತಿಥಿ ಮುಗಿಯುವ ತನಕ ನನ್ನ ಪಕ್ಕದಲ್ಲೇ ಮಲಗಿದಳು.

ಈಗ ಶ್ಯಾಮಲಾ ದಿನಾ ಬೆಳಿಗ್ಗೆ ನನಗೆ ಗುಲಾಬಿಯ ಚಿತ್ರ ಕಳಿಸುತ್ತಾಳೆ. ನಮ್ಮ ಮನೆಗಳ ನಡುವೆ ಇರುವುದು ಒಂದೇ ಬೇಲಿ. ಈ ಸಲ ಯಜಮಾನರ ವರ್ಷದ ತಿಥಿಗೆ ಬೇಲಿಯಾಚೆಯಿಂದ ಕೈಮುಗಿದ ಚಿತ್ರ ಬಂತು, ಅವಳು ಬರಲಿಲ್ಲ. ತಡೆಯಲಾರದೆ ನಾನೇ ಹೋದೆ.

"ಬಾರೇ ದುಗ್ಗಮ್ಮ, ಕೂತ್ಕೋ. ಇದೊಂದ್ ನೋಡಿ ಇಟ್‌ಬಿಡ್ತೀನಿ."

ಒಂದು ಮುಗಿದ ಮೇಲೆ ಇನ್ನೊಂದು ರೀಲ್ ಬಂತು.

"ಶ್ಯಾಮಲಾ, ಮನೇಲಿ ಒಬ್ಳೇ ಇರಕ್ ಆಗ್ತಿಲ್ಲ ಕಣೇ," ಎಂದೆ.

"ಹೌದಾ? ಇಲ್ ನೋಡು ಮಾರಾಯ್ತಿ, ಈ ನಾಯಿಮರಿ ಎಂತ ಮಾಡ್ತದೆ!"

ನಾಯಿಮರಿ ಮುದ್ದಾಗಿತ್ತು. ನೋಡಿ ಎದ್ದುಬಂದೆ. ಮನೆಗೆ ಬಂದು ಅತ್ತೆ.

ಜನರ ಕೈಯಿಂದ ಫೋನ್ ಕೆಳಗಿಡಿಸುವುದು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ಉದ್ಘಾಟನೆಯ ಫಲಕದಲ್ಲಿ 'ಜನರನ್ನು ಹತ್ತಿರ ತರುವ ಯೋಜನೆ' ಎಂದು ಬರೆಸಿದವರು ತಾವೇ ತಾನೆ? ಯಾರನ್ನು ಯಾರ ಹತ್ತಿರ ತಂದಿರಿ, ಸ್ವಾಮಿ? ಆಂಬುಲೆನ್ಸ್ ಕರೆಯಲು ಟವರ್ ಬೇಕು, ಮಕ್ಕಳ ಓದಿಗೂ ಬೇಕು. ಕಿತ್ತುಹಾಕಿ ಎನ್ನುವಷ್ಟು ಬುದ್ಧಿಗೇಡಿ ನಾನಲ್ಲ.

ನನ್ನ ಬೇಡಿಕೆ ಸಣ್ಣದು. ವಾರಕ್ಕೊಂದು ಸಂಜೆ, ಕರೆಗಳನ್ನು ಬಿಟ್ಟು ಇಂಟರ್ನೆಟ್ ಮಾತ್ರ ನಿಲ್ಲಿಸಿ. ಯಾರಾದರೂ ಕೇಳಿದರೆ ದುರಸ್ತಿ ನಡೆದಿದೆ ಎನ್ನಿ. ಹಾಗೆನ್ನುವುದು ತಮಗೇನೂ ಹೊಸದಲ್ಲ. "ನಿಮ್ಮನೇಲಿ ನೆಟ್ ಬರ್ತಿದ್ಯೇನೇ?" ಎಂದು ಕೇಳಲಾದರೂ ಶ್ಯಾಮಲಾ ನನ್ನ ಬಾಗಿಲಿಗೆ ಬರುತ್ತಾಳೆ.

ಇಂತಿ,
ಫುಲ್ ರೇಂಜಿನಲ್ಲಿ ಒಬ್ಬಳೇ ಕೂತಿರುವ
ದುಗ್ಗಮ್ಮ