ಸಡಿಲಿಸದ ಸೊಂಟ

ಅಣ್ಣಾ,

ನೀನು ಕಳಿಸಿದ ಪ್ಯಾಂಟಿನ ಹೊಲಿಗೆ ಬಿಚ್ಚದೆ ಹಾಗೇ ವಾಪಸ್ ಕಳಿಸುತ್ತಿದ್ದೇನೆ. ಸಿಟ್ಟಾಗಬೇಡ, ಪೂರ್ತಿ ಓದು.

"ಹೊಟ್ಟೆ ಬಂದಿದೆ ಕಣೇ, ಎರಡು ಬೆರಳು ಸಡಿಲ ಮಾಡು" ಅಂತ ಫೋನಿನಲ್ಲಿ ನಕ್ಕೆಯಲ್ಲ, ಅಪ್ಪನೂ ಹೀಗೇ ನಗುತ್ತಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಡೊಳ್ಳು. ವರ್ಷ ವರ್ಷವೂ ಅಮ್ಮ ಅವರ ಪ್ಯಾಂಟಿನ ಸೊಂಟ ಸಡಿಲಿಸಿ ಕೊಟ್ಟಳು. ಊರಿಗೆಲ್ಲ ಬಟ್ಟೆ ಹೊಲಿಯುವ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಕಿಡ್ನಿ ಕೈಕೊಟ್ಟಾಗ, ತಲೆನೋವಿನ ಮಾತ್ರೆ ನುಂಗಿ ನುಂಗಿ ಹಾಳು ಮಾಡಿಕೊಂಡರು ಎಂದು ಅವರನ್ನೇ ಬೈದೆವು.

ಮೊನ್ನೆ ನನ್ನ ಮೂತ್ರದಲ್ಲಿ ರಕ್ತ ಕಂಡಿತು. ಸ್ಕ್ಯಾನ್ ಮಾಡಿಸಿದೆ. ಎರಡೂ ಕಿಡ್ನಿಯ ತುಂಬ ನೀರುಗುಳ್ಳೆಗಳು, ದ್ರಾಕ್ಷಿ ಗೊಂಚಲಿನಂತೆ. ಅವು ಬೆಳೆದಂತೆ ಬಿಪಿ ಏರುತ್ತದೆ, ಪಕ್ಕೆ ನೋಯುತ್ತದೆ, ಹೊಟ್ಟೆ ಉಬ್ಬುತ್ತದೆ.

"ಇದು ನಿಮ್ಮ ತಂದೆಯಿಂದ ಬಂದಿರೋದಮ್ಮ. ಒಡಹುಟ್ಟಿದವರು ಇದ್ದಾರಾ?" ಎಂದರು ಡಾಕ್ಟರ್. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧವಂತೆ. ಪೂರ್ತಿ ವಾಸಿಯಾಗುವುದಿಲ್ಲ. ಬಿಪಿ ಹಿಡಿತದಲ್ಲಿದ್ದರೆ ಕಿಡ್ನಿ ಹೆಚ್ಚು ಕಾಲ ಬಾಳುತ್ತದಂತೆ.

ಪಕ್ಕೆನೋವಿಗೆ ನೀನು ನುಂಗುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಇನ್ನು ಮುಟ್ಟಬೇಡ. ಅತ್ತಿಗೆಗೆ ಆಮೇಲೆ ಹೇಳು, ಮೊದಲು ಸ್ಕ್ಯಾನ್ ಮಾಡಿಸು. ಬರೀ ಬೊಜ್ಜು ಎಂದು ಬಂದರೆ ಪ್ಯಾಂಟು ಕಳಿಸು, ಎರಡಲ್ಲ, ನಾಲ್ಕು ಬೆರಳು ಬಿಚ್ಚಿಕೊಡುತ್ತೇನೆ. ಬೀದಿಗೆಲ್ಲ ಕೇಳುವಂತೆ ನಗುತ್ತೇನೆ.

ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ನಿನ್ನೆ ನನ್ನ ಸ್ಕರ್ಟಿನ ಸೊಂಟ ಸಡಿಲಿಸುತ್ತಾ, "ಅಂತೂ ಮೈಕೈ ತುಂಬಿಕೊಂಡೆಯಲ್ಲೇ" ಅಂತ ಖುಷಿಪಟ್ಟಳು.

ನಿನ್ನ ತಂಗಿ