ರಾಜ್ಯದ ಹೆಸರಿನ ಜಾಗ

ಮನೂರ್
12 ಅಕ್ಟೋಬರ್ 2011

ಬೀದರಿನ ಬಂಡೆಪ್ಪ ಸರ್ ಅವರಿಗೆ ಶಿಲ್ಪಾರಾಣಿಯ ನಮಸ್ಕಾರಗಳು.

ಜಹೀರಾಬಾದಿನ ತರಬೇತಿಯಲ್ಲಿ ಇಪ್ಪತ್ತು ಜನರೊಳಗೆ ನಾನೊಬ್ಬಳೇ ನಪಾಸು ಎಂದು ತಿಳಿದು ನಗು ಬಂತು. ಕಚೇರಿಯ ಅರ್ಜಿಗಳನ್ನು ಮೇಜಿನಿಂದ ಮೇಜಿಗೆ ದಾಟಿಸುವ ಆ ಸಾಫ್ಟ್‌ವೇರಿಗೆ ಹೊಸ ಫಾರಂ ಜೋಡಿಸಲು ಹೇಳಿದ್ದಿರಿ. ಎಲ್ಲರೂ ಅದರಲ್ಲಿ ರಾಜ್ಯದ ಹೆಸರನ್ನು 'ಆಂಧ್ರಪ್ರದೇಶ' ಎಂದು ಕಾಯಂ ಬರೆದರು. ನಮ್ಮ ಕಡೆ ಪ್ರತ್ಯೇಕ ರಾಜ್ಯದ ಚಳವಳಿ ನಡೆದಿದೆಯಲ್ಲ, ನಾನು ಆ ಜಾಗವನ್ನು ಬೇಕೆಂದಾಗ ಬದಲಿಸುವಂತೆ ಮಾಡಿದೆ. ನೀವು ಕೆಂಪು ಶಾಯಿಯಲ್ಲಿ 'ರಾಜಕೀಯ ಬೇಡ' ಎಂದು ಬರೆದು ಇಡೀ ಫಾರಂ ಹೊಡೆದುಹಾಕಿದಿರಿ.

ಸರ್, ಮೊದಲ ದಿನ ನೀವೇ ಹೇಳಿದ್ದಿರಿ: "ನಾಳಿ ಬದಲಾಗೋದನ್ನ ಪ್ರೋಗ್ರಾಂ ಒಳಗ ಗಟ್ಟಿ ಕೂಡಿಸಬ್ಯಾಡ್ರಿ, ಹೊರಗ ಇಡ್ರಿ." ನಾನು ಮಾಡಿದ್ದು ಅದನ್ನೇ. ರಾಜ್ಯ ಬದಲಾಗದಿದ್ದರೂ ನನ್ನ ಫಾರಂ ಓಡುತ್ತದೆ. ಬದಲಾದರೆ ಉಳಿದ ಹತ್ತೊಂಬತ್ತು ಮಂದಿ ತಮ್ಮದನ್ನು ಬಿಚ್ಚಿಕೊಂಡು ಕೂಡಬೇಕು.

ಷೇರ್ ಆಟೋ ಓಡಿಸುವ ನಮ್ಮಪ್ಪ ಇದನ್ನೆಲ್ಲ ಕೇಳಿ, "ನಿಮ್ ಸರ್ ಛಲೋ ಮನಷ್ಯಾನೇ ಅದಾರ. ತಾವ್ ಹೇಳಿದ್ದು ತಾವೇ ಮರ್ತಾರ, ಅಷ್ಟೇ. ಒಂದ್ ಪತ್ರ ಬರಿ" ಎಂದರು.

ಈ ತಿಂಗಳ ಕೊನೆಗೆ ತಾಂಡೂರಿನಲ್ಲಿ ನನಗೆ ಕೆಲಸದ ಸಂದರ್ಶನವಿದೆ. ಚಳವಳಿಯ ಮುಷ್ಕರದಿಂದ ಬಸ್ಸಿಲ್ಲದಿದ್ದರೂ ಅಪ್ಪನ ಆಟೋ ಇದೆ, ಇಲ್ಲದಿರುವುದು ಪ್ರಮಾಣಪತ್ರ ಮಾತ್ರ. ದಯವಿಟ್ಟು ನನ್ನ ಫಾರಂ ಇನ್ನೊಮ್ಮೆ ನೋಡಿ ಪ್ರಮಾಣಪತ್ರ ಕಳಿಸಿಕೊಡಿ.

ಲಕೋಟೆಯ ಮೇಲೆ ರಾಜ್ಯದ ಹೆಸರು ಬರೆಯಲು ಅಂಜಿಕೆಯಾದರೆ ಆ ಜಾಗ ಖಾಲಿ ಬಿಡಿ. ಊರು, ಪಿನ್‌ಕೋಡ್ ಇದ್ದರೆ ಟಪಾಲು ಮನೆಗೇ ಬರುತ್ತದೆ.

ನಿಮ್ಮ ಮೊದಲ ದಿನದ ಪಾಠ ಮರೆಯದ,
ಶಿಲ್ಪಾರಾಣಿ